ಲಾರಿಗೂ ಒಂದು ನಳ

ಹದಿನೈದು ಲೀಟರ್ ಅಂದ್ರ ಎಷ್ಟಂತೀರಿ?
ಹಿಡದ್ರ ಒಂದು ಕೊಡ.
ಚೆಲ್ಲಿದ್ರ ಒಂದು ಓಣಿ.

ಮೊದಲ ಹಿಂಗಿತ್ತು:
ಗಂಗಾವತಿ, ಕನಕಗಿರಿ ರಸ್ತೆ, ರೈಸ್ ಮಿಲ್ಲಿನ ಹಿಂದ
ಗೋಣಿಚೀಲ ಹಾಸಿ ಲಾರಿ ಕೆಳಗ ಅಂಗಾತ ಬೀಳೋದು,
ಪಾನಾ ಹಚ್ಚಿ ಚೇಂಬರಿನ ಬೋಲ್ಟು ಸಡ್ಲ ಮಾಡೋದು,
ಕಡೀ ಎರಡು ಸುತ್ತು ಬೆರಳಿಂದ.
ಅಲ್ಲೇ ಮೋಸ.
ಬೋಲ್ಟು ಜಾರಿ ಬೋಗುಣಿಯೊಳಗ ಬುಳಕ್,
ಸುಡೋ ಎಣ್ಣಿ ಮುಂಗೈ ಹಿಡದು ಬಗಲಿಗೆ,
ಬಗಲಿಂದ ಬನಿಯನ್ನಿಗೆ.
ಹೊಟ್ಟಿ ತುಂಬಿದಾಗ ಧಾರಿ ದೂರ ಜಿಗೀತೈತಿ,
ಖಾಲಿ ಆದಂಗ ಹಿಂದಕ್ಕ ಸರೀತೈತಿ,
ಕಡಿಗೆ ಕಾಲಬುಡಕ್ಕ ತೊಟ್ಟು ತೊಟ್ಟು,
ಸಿಟ್ಟಿಳಿಯೋ ಮನಿಷ್ಯಾನಂಗ.
ಅದರ ಹಿಂದ ಬೋಗುಣಿನೂ ಸರೀಬೇಕು.
ಇಷ್ಟು ತಿಳಿಯಾಕ ಈ ಯಮನೂರಪ್ಪಗ
ಹನ್ನೊಂದು ವರ್ಷ, ಲೆಕ್ಕಿಲ್ಲದ ಬನಿಯನ್ನು.

ಒಂದು ಆಷಾಢದಾಗ ಗಾಳಿ ಬೋಗುಣಿ ಮಗುಚಿತು.
ಎಣ್ಣಿ ಗಟಾರಕ್ಕ, ಗಟಾರ ಕಾಲುವಿಗೆ,
ಕಾಲುವಿ ಗ್ಯಾನಪ್ಪನ ಸಸಿಮಡಿಗೆ.
ಮರುದಿನ ಮಗಳು ಓಡಿ ಬಂದ್ಲು:
"ಅಪ್ಪಾ, ಮಡಿಯಾಗ ಕಾಮನಬಿಲ್ಲು ಬಿದ್ದೈತಿ!"
ಹೋಗಿ ನೋಡಿದೆ. ಬಿದ್ದಿತ್ತು ಖರೇ,
ಏಳೂ ಬಣ್ಣ, ಎಳೀ ಸಸಿ ಕುತ್ತಿಗಿಮಟ.
ಗ್ಯಾನಪ್ಪ ಬೈಲಿಲ್ಲ. ಬೈದಿದ್ರ ಬೇಷಿತ್ತು.
ಮಿಲ್ಲಿನ ಹೊಟ್ಟು ತಂದು ನೀರಮ್ಯಾಲೆ ಉಗ್ಗಿದ,
ಎಣ್ಣಿ ಕುಡದ ಹೊಟ್ಟು ಬುಟ್ಟಿಲೆ ಬಳದ,
ನಮ್ಮ ಹೊಸ್ತಿಲ ಮುಂದ ಇಟ್ಟು ಹೋದ.

ಆ ಬುಟ್ಟಿ ನೋಡಕೋತ ದುರುಗವ್ವ ಅಂದ್ಲು:
"ಪಂಚಾಯ್ತಿಯವರು ಮನಿಗೆ ನಳ ಕೂಡ್ಸ್ಯಾರ,
ನಿನ್ನ ಲಾರಿಗೊಂದು ಕೂಡಿಸ್ಕೊ. ಬ್ಯಾಡಂದವರ್ಯಾರು?"
ನಾನು ನಕ್ಕೆ.
ನಕ್ಕೋಂತನ ಕಾಸಿಂಸಾಬನ ಲೇತಿಗೆ ಹೋದೆ.
ಅವನೂ ನಕ್ಕ.
ಆಮೇಲೆ ಬೋಲ್ಟು ಕಸಗೊಂಡು ಮರಿ ಅಳದ,
ಕನ್ನಡಕ ಹಣಿಗೇರಿಸಿ ಸುಮ್ಮನ ಕುಂತ.
ನಾಕು ದಿನಕ್ಕ ಕೈಗೆ ಬಂತು
ಹಿತ್ತಾಳಿ ನಳ, ಹೆಬ್ಬೆರಳಿನಷ್ಟು,
ಕಲ್ಲು ಬಡಿದ್ರೂ ತಿರುಗದಂಗ
ಹಿಡಿಕಿಗೆ ತಂತಿ ಬಿಗಿಯಾಕ ಒಂದು ತೂತು.

ಈಗ ನೋಡ್ರಿ.
ಇಂಜಿನ್ ಹತ್ತು ನಿಮಿಷ ಓಡ್ಲಿ,
ಕೂಸಿಗೆ ಎರೆಯೋ ನೀರಿನಷ್ಟು ಕಾಯ್ಲಿ ಸಾಕು.
ನಳಕ್ಕ ಪೈಪು, ಪೈಪು ಡಬ್ಬಿ ಬಾಯಿಗೆ.
ತಿರುವಿ, ಕಲ್ಲಮ್ಯಾಲೆ ಕುಂತು ಚಾ ಕುಡಿ.
ಫಿಲ್ಟರಿಗೆ ಮೊದಲ ಪ್ಲಾಸ್ಟಿಕ್ ಚೀಲ ಹಾಕು,
ಕೂಸಿಗೆ ಕುಂಚಿಗಿ ಕಟ್ಟಿದಂಗ, ಕಿವಿ ಮುಚ್ಚಿ.
ಆಮೇಲೆ ತಿರುವು. ಸೋರಿದ್ದು ಚೀಲದಾಗ ಸೋರ್ತೈತಿ.
ಹೊಸಾದ್ರ ರಬ್ಬರಿಗೆ ಬೆರಳಿಲೆ ಎಣ್ಣಿ ಸವರು,
ಹೋಳಿಗಿ ಎಲಿಗೆ ಸವರಿದಂಗ, ತೆಳ್ಳಗ.
ಕೆಳಗ ಒಂದು ಪರಾತ ಹೊಟ್ಟು ಇರಲಿ.
ಇದು ಗ್ಯಾನಪ್ಪನ ಪಾಠ, ಫೀಸು ಕೊಟ್ಟಿಲ್ಲ ಇನ್ನೂ.
ಹಳೇ ಎಣ್ಣಿ ಒಯ್ಯಾಕ ಕೊಪ್ಪಳದಿಂದ
ಮಾಬುಸಾಬನ ಆಟೋ ಬರ್ತೈತಿ, ಅಳದು ರೊಕ್ಕ ಕೊಡ್ತಾನ.
ಕಾಲುವಿಗೆ ಒಂದು ಹನಿ ಇಲ್ಲ.
ಅಂಗಿ ತೋಳು ಮಡಚಿದ್ದು ಮಡಚಿದಂಗ.

ಒಂದು ಮಾತು ಮುಚ್ಚಿಡಬಾರದು.
ಮೊದಲನೇ ಸರ್ತಿ ಎಲ್ಲ ಸಾಂಗ ಆತು.
ಬಿಸ್ಲೇರಿ ಬಾಟ್ಲಿ ಕೊಯ್ದ ಲಾಳಿಕಿ ಇಟ್ಟು
ಹೊಸ ಎಣ್ಣಿ ಸುರುವಿದೆ, ಜೇನಿನ ಬಣ್ಣ,
ಮಿಲ್ಲಿನ ಹಮಾಲ್ರು ನಿಂತು ನೋಡಾಕತ್ತಿದ್ರು.
ಮೂರು ಲೀಟರ್ ಇಳದ ಮ್ಯಾಲೆ
ಕೆಳಗ ಡಬ್ಬಿಯಾಗ ಸಪ್ಪಳ.
ಬಗ್ಗಿ ನೋಡಿದ್ರ
ಕರೀ ಎಣ್ಣಿ ನಡುವ ಜೇನು ಇಳ್ಯಾಕತ್ತಿತ್ತು.
ನಳ ಬಂದ್ ಮಾಡಿರ್ಲಿಲ್ಲ.

ದುರುಗವ್ವ ಬಾಗಿಲಾಗ ನಿಂತಿದ್ಲು.
ಒಂದು ಮಾತಾಡ್ಲಿಲ್ಲ.
ಅಂಗಳಕ್ಕ ಇಳದು ಮನಿ ನಳ
ತಿರುವಿದ್ಲು, ಮುಚ್ಚಿದ್ಲು,
ಮತ್ತ ತಿರುವಿದ್ಲು, ಮುಚ್ಚಿದ್ಲು.

ನೀರು ಬರೋ ಹೊತ್ತಲ್ಲ ಅದು.